ಸ್ವಿಚ್ ಇರುವ ಪವರ್ಡ್ ಯುಎಸ್‌ಬಿ ಹಬ್: ಗುಂಡಿ ಒತ್ತಿದರೆ ನಿಜಕ್ಕೂ ಏನು ಆಫ್ ಆಗುತ್ತದೆ?

ತುಂಗೆಯ ದಡ:

ನಮ್ಮದು ಶಿವಮೊಗ್ಗದಲ್ಲಿ ಮನೆಯವರೇ ನಡೆಸುವ ಸಣ್ಣ ಗುತ್ತಿಗೆ ಸಂಸ್ಥೆ. ಲೆಕ್ಕಪತ್ರ, ಜಿಎಸ್‌ಟಿ, ಟೆಂಡರ್ ಎಲ್ಲ ನನ್ನ ಪಾಲಿನ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಇರುವುದೇ ಎರಡು ಯುಎಸ್‌ಬಿ ಪೋರ್ಟ್. ಹಾಕಬೇಕಾದದ್ದು ಡಿಜಿಟಲ್ ಸಹಿಯ ಮೂರು ಟೋಕನ್ (ಪೆನ್‌ಡ್ರೈವ್‌ನಂಥ ಕಡ್ಡಿ; ಅಪ್ಪ, ಅಣ್ಣ, ನಾನು, ಒಬ್ಬೊಬ್ಬರಿಗೆ ಒಂದು), ಪ್ರಿಂಟರ್, ಸ್ಕ್ಯಾನರ್, ಬ್ಯಾಕಪ್ ಹಾರ್ಡ್ ಡಿಸ್ಕ್, ಜೊತೆಗೆ ವೈರ್‌ಲೆಸ್ ಮೌಸಿನ ಡಾಂಗಲ್.

ತಲೆನೋವು ಟೋಕನ್‌ಗಳದ್ದು. ಮೂರನ್ನೂ ಒಟ್ಟಿಗೆ ಹಾಕಿದರೆ ಸಹಿ ಮಾಡುವಾಗ ಪಿನ್ ಕೇಳುವ ಕಿಟಕಿ ಬರುತ್ತದೆ, ಯಾರ ಪಿನ್ ಬೇಕು ಅಂತ ಸರಿಯಾಗಿ ಹೇಳುವುದಿಲ್ಲ. ಅಪ್ಪನ ಟೋಕನ್‌ಗೆ ಅಣ್ಣನ ಪಿನ್ ಹೊಡೆಯುತ್ತಾ ಹೋದರೆ ಟೋಕನ್ ಲಾಕ್ ಆಗುತ್ತದೆ. ಟೆಂಡರಿಗೆ ಕೊನೇ ದಿನ ಲಾಕ್ ಆದರೆ ಕಥೆ ಮುಗೀತು. ಅದಕ್ಕೇ ಒಂದನ್ನು ಕಿತ್ತು ಇನ್ನೊಂದನ್ನು ಹಾಕುತ್ತಾ ಕೂತಿರುತ್ತೇನೆ. ಲ್ಯಾಪ್‌ಟಾಪ್‌ನ ಪೋರ್ಟ್ ಆಗಲೇ ಸಡಿಲವಾಗಿದೆ.

ಪ್ರತಿ ಪೋರ್ಟಿಗೂ ಒಂದೊಂದು ಗುಂಡಿ, ಸ್ವಂತ ಅಡಾಪ್ಟರ್, ಏಳು ಪೋರ್ಟ್ ಇರುವ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ತಗೊಳ್ಳೋಣ ಅಂತಿದ್ದೇನೆ. ಗುಂಡಿ ಒತ್ತಿದರೆ ಕಿತ್ತಂತೆಯೇ ಆಗುತ್ತದಾ? ಹಾರ್ಡ್ ಡಿಸ್ಕ್‌ಗೂ ಅದೇ ಸಾಕಾ?

ಹಳೇ ಮೌಸು:

ಸುಮ್ನೆ ದುಡ್ಡು ದಂಡ. ಸಾದಾ ಹಬ್ ತಗೊಳ್ಳಿ, ಬೇಡವಾದ್ದನ್ನು ಕಿತ್ತು ಹಾಕಿ. ಗುಂಡಿಗೆ ನೀಲಿ ದೀಪ ಹಾಕಿಬಿಟ್ಟರೆ ಬೆಲೆ ಜಾಸ್ತಿ, ಅಷ್ಟೇ.

ಬೆಸುಗೆಕಡ್ಡಿ:

ರಿಪೇರಿ ಅಂಗಡಿ ಇಟ್ಟುಕೊಂಡವನಾಗಿ ಹೇಳುತ್ತೇನೆ. ಟೋಕನ್ ವಿಷಯಕ್ಕೆ ಗುಂಡಿ ಸಾಕು. ಡಿಸ್ಕ್‌ಗೆ ಗುಂಡಿ ಮಾತ್ರ ಸಾಲದು. ಪ್ರಿಂಟರಿನ ಕಥೆಯೇ ಬೇರೆ.

ಯುಎಸ್‌ಬಿ 2.0 ಕೇಬಲ್‌ನಲ್ಲಿ ನಾಲ್ಕು ತಂತಿ. ಒಂದರಲ್ಲಿ 5 ವೋಲ್ಟ್, ಒಂದು ಗ್ರೌಂಡ್, ಉಳಿದೆರಡು ಡೇಟಾ. ಗುಂಡಿ ಸಾಮಾನ್ಯವಾಗಿ ಕಡಿಯುವುದು ಆ 5 ವೋಲ್ಟನ್ನು ಮಾತ್ರ. ಡೇಟಾ ತಂತಿಗಳು ಇದ್ದ ಹಾಗೇ ಇರುತ್ತವೆ. ಟೋಕನ್, ಪೆನ್‌ಡ್ರೈವ್, ಮೌಸ್ ಡಾಂಗಲ್‌ಗೆ ಬೇರೆ ಕಡೆಯಿಂದ ಕರೆಂಟ್ ಇಲ್ಲ. ಆ 5 ವೋಲ್ಟ್ ಹೋದರೆ ಅವು ಸತ್ತವು. ಕಂಪ್ಯೂಟರಿನ ಪಾಲಿಗೆ ಕಿತ್ತಂತೆಯೇ ಲೆಕ್ಕ. ಮತ್ತೆ ಗುಂಡಿ ಒತ್ತಿದರೆ ಹೊಸದಾಗಿ ಹಾಕಿದಂತೆ ಗುರುತಿಸುತ್ತದೆ.

ಪ್ರಿಂಟರಿಗೆ ಗೋಡೆಯಿಂದ ಸ್ವಂತ ಕರೆಂಟ್ ಇದೆ. ಹಬ್‌ನ ಗುಂಡಿ ಒತ್ತಿದರೆ ಅದು ಆಫ್ ಆಗುವುದಿಲ್ಲ. ನಿಯಮದ ಪ್ರಕಾರ ಅಂಥ ಸಾಧನ 5 ವೋಲ್ಟ್ ಇದೆಯಾ ಅಂತ ನೋಡಬೇಕು, ಇಲ್ಲದಿದ್ದರೆ ಡೇಟಾ ತಂತಿ ಬಿಡಬೇಕು. ಅಗ್ಗದ ಕೆಲವು ಸಾಧನಗಳು ಇದನ್ನು ನೋಡುವುದೇ ಇಲ್ಲ. ಆಗ ಗುಂಡಿ ಆಫ್ ಇದ್ದರೂ ಕಂಪ್ಯೂಟರಿನಲ್ಲಿ ಸಾಧನ ಕಾಣಿಸುತ್ತಾ ಇರುತ್ತದೆ. ಹಬ್ ಕೆಟ್ಟಿದೆ ಅಂತ ನನ್ನ ಹತ್ತಿರ ತರುತ್ತಾರೆ. ಹಬ್ ಸರಿಯಾಗೇ ಇರುತ್ತದೆ.

@ಹಳೇ ಮೌಸು, ಕಿತ್ತು ಹಾಕುವುದಕ್ಕೂ ಒಂದು ಮಿತಿ ಇದೆ ಸ್ವಾಮಿ. ಚಪ್ಪಟೆ ಟೈಪ್ ಎ ಕನೆಕ್ಟರಿಗೆ ಮಾನದಂಡದಲ್ಲಿ ಹೇಳಿರುವುದು 1500 ಸಲ ಹಾಕಿ ತೆಗೆಯುವ ತಾಳಿಕೆ. ಟೈಪ್ ಸಿಗೆ 10,000. ದಿನಕ್ಕೆ ಐದಾರು ಸಲ ಟೋಕನ್ ಬದಲಿಸಿದರೆ ಒಂದು ವರ್ಷದೊಳಗೇ 1500 ದಾಟುತ್ತದೆ. ಹಬ್‌ನ ಪೋರ್ಟ್ ಸವೆದರೆ ಹಬ್ ಎಸೆಯಬಹುದು. ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಮದರ್‌ಬೋರ್ಡಿಗೇ ಬೆಸೆದಿರುವುದು ಜಾಸ್ತಿ. ಅದನ್ನು ಬದಲಿಸಲು ಬಂದವರಿಂದಲೇ ನನ್ನ ಅಂಗಡಿಯ ಬಾಡಿಗೆ ಹುಟ್ಟುತ್ತದೆ, ಹಾಗಾಗಿ ನಾನು ನಿಮ್ಮ ಪರ ಮಾತಾಡಬೇಕಿತ್ತು.

ಹಳೇ ಮೌಸು:

ಸರಿ, ಅದು ಒಪ್ಪುವ ಮಾತೇ. ಆದರೂ ನೀಲಿ ದೀಪ ಬೇಡ. ರಾತ್ರಿ ಕೋಣೆ ತುಂಬಾ ಬೆಳಕು.

ತುಂಗೆಯ ದಡ:

ಡಿಸ್ಕ್ ಯಾಕೆ ಸಾಲದು?

ಬೆಸುಗೆಕಡ್ಡಿ:

ಎರಡು ಕಾರಣ.

ಮೊದಲನೆಯದು ಫೈಲಿನದ್ದು. ಕಾಪಿ ಮುಗಿಯಿತು ಅಂತ ಪರದೆ ಹೇಳಿದರೂ ಕೊನೆಯ ಒಂದಷ್ಟು ಭಾಗ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇರಬಹುದು. ಡಿಸ್ಕಿನ ಒಳಗೂ ಒಂದು ಸಣ್ಣ ತಾತ್ಕಾಲಿಕ ಮೆಮೊರಿ ಇದೆ. ವಿಂಡೋಸ್ 10ರ 1809 ಆವೃತ್ತಿಯಿಂದ, ಅಂದರೆ 2018ರ ಕೊನೆಯಿಂದ, ಹೊರಗಿನ ಡಿಸ್ಕ್‌ಗಳಿಗೆ 'ಬೇಗ ತೆಗೆಯಬಹುದಾದ' ನೀತಿಯೇ ಮೊದಲ ಆಯ್ಕೆ. ಅದರಿಂದ ಅಪಾಯ ಕಡಿಮೆಯಾಗಿದೆ, ಹೋಗಿಲ್ಲ. ಬ್ಯಾಕಪ್ ತಂತ್ರಾಂಶ ಹಿನ್ನೆಲೆಯಲ್ಲಿ ಬರೆಯುತ್ತಿದ್ದರೆ ಆ ನೀತಿ ಏನೂ ಮಾಡುವುದಿಲ್ಲ.

ಎರಡನೆಯದು ಯಂತ್ರದ್ದು. ತಿರುಗುವ ತಟ್ಟೆಯ ಡಿಸ್ಕ್ ಆದರೆ ಓದುವ ತಲೆ ತಟ್ಟೆಯ ಮೇಲೆ ಕೂದಲಿಗಿಂತ ಎಷ್ಟೋ ತೆಳ್ಳಗಿನ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಸರಿಯಾಗಿ ಹೇಳಿ ನಿಲ್ಲಿಸಿದರೆ ತಲೆ ನಿಧಾನಕ್ಕೆ ಪಕ್ಕಕ್ಕೆ ಹೋಗಿ ಕೂರುತ್ತದೆ. ದಿಢೀರ್ ಅಂತ ಕರೆಂಟ್ ಕಡಿದರೆ ಇನ್ನೂ ತಿರುಗುತ್ತಿರುವ ತಟ್ಟೆಯ ಮೋಟಾರಿನಿಂದಲೇ ಒಂದಿಷ್ಟು ಕರೆಂಟ್ ಹುಟ್ಟಿಸಿಕೊಂಡು ತಲೆಯನ್ನು ಜೋರಾಗಿ ಪಕ್ಕಕ್ಕೆ ಎಳೆಯುತ್ತದೆ. ಕಿವಿಗೊಟ್ಟು ಕೇಳಿ, 'ಟಕ್' ಅನ್ನುವ ಸದ್ದು ಅದೇ. ಇದು ತುರ್ತಿಗೆ ಇರುವ ವ್ಯವಸ್ಥೆ, ದಿನಾ ಬಳಸುವುದಕ್ಕಲ್ಲ.

ಹಾಗಾಗಿ ಮೊದಲು ಪರದೆಯಲ್ಲಿ ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತಿ. ಡಿಸ್ಕಿನ ಗುಂಯ್ ಸದ್ದು ನಿಲ್ಲಲಿ. ಆಮೇಲೆ ಹಬ್‌ನ ಗುಂಡಿ. ಮತ್ತೆ ಡಿಸ್ಕ್ ಬೇಕಾದಾಗ ಮೇಜಿನ ಹಿಂದೆ ಕೈ ಹಾಕಿ ಕೇಬಲ್ ಹುಡುಕುವುದು ಬೇಡ, ಅದೇ ಗುಂಡಿ ಒತ್ತಿದರೆ ಬಂತು. ಸ್ವಿಚ್ಚಿನ ನಿಜವಾದ ಲಾಭ ಇಲ್ಲಿದೆ. ಬ್ಯಾಕಪ್ ಡಿಸ್ಕ್ ಇಡೀ ದಿನ ಜೋಡಿಕೊಂಡೇ ಇದ್ದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಬ್ಯಾಕಪ್ಪೂ ಹೋಗುತ್ತದೆ. ಬೇಕಾದಾಗ ಆನ್, ಮುಗಿದ ಮೇಲೆ ಆಫ್ ಇದ್ದರೆ ಆ ಭಯ ಬಹಳ ಕಡಿಮೆ.

ಸೇವಾಕೇಂದ್ರ ಉಜಿರೆ ಕಡೆ:

ನಾನು ಗ್ರಾಮ ಒನ್ ಕೇಂದ್ರ ನೋಡಿಕೊಳ್ಳುತ್ತೇನೆ. ಬೆರಳಚ್ಚಿನ ಸ್ಕ್ಯಾನರ್, ವೆಬ್‌ಕ್ಯಾಮ್, ಪ್ರಿಂಟರ್ ಎಲ್ಲ ಸ್ವಿಚ್ಚಿನ ಹಬ್‌ನಲ್ಲೇ ಇದೆ. ಬೆರಳಚ್ಚಿನ ಸಾಧನ ಆಗಾಗ 'ಸಿದ್ಧವಿಲ್ಲ' ಅನ್ನುತ್ತದೆ. ಮೊದಲು ಕಿತ್ತು ಹಾಕುತ್ತಿದ್ದೆ. ಈಗ ಗುಂಡಿ ಆಫ್, ಒಂದೆರಡು ಉಸಿರು ಬಿಟ್ಟು ಆನ್. ಎದುರಿಗೆ ಅಜ್ಜಿ ಪಿಂಚಣಿಗೆ ಬೆರಳು ಚಾಚಿಕೊಂಡು ಕೂತಿರುವಾಗ ಇದು ದೊಡ್ಡ ಅನುಕೂಲ.

ಕೂಡಲೇ ಆನ್ ಮಾಡಬೇಡಿ. ಸಾಧನದ ಒಳಗಿನ ಕೆಪಾಸಿಟರ್ (ಸ್ವಲ್ಪ ಕರೆಂಟ್ ಹಿಡಿದಿಡುವ ಭಾಗ) ಖಾಲಿಯಾಗಲು ಸ್ವಲ್ಪ ಹೊತ್ತು ಬೇಕು. ಆತುರಪಟ್ಟರೆ ಅದು ಪೂರ್ತಿ ಸತ್ತೇ ಇರುವುದಿಲ್ಲ, ಅದೇ ಹಳೇ ರಾಗ ಮುಂದುವರಿಸುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಕರೆಂಟ್ ಹೋದಾಗ ಏನು? ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಹಬ್‌ನ ಅಡಾಪ್ಟರ್ ಸತ್ತಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಅಂತ ಕೇಳಬೇಡಿ.

ಬೆಸುಗೆಕಡ್ಡಿ:

ಸರಿಯಾದ ಪ್ರಶ್ನೆ. ಹಬ್ ಬರುವ ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ಅಡಾಪ್ಟರ್ ನಿಂತಾಗ ಬಹಳಷ್ಟು ಹಬ್‌ಗಳು ಲ್ಯಾಪ್‌ಟಾಪ್‌ನಿಂದಲೇ ಕರೆಂಟ್ ಎಳೆಯಲು ಶುರುಮಾಡುತ್ತವೆ. ಆ ಬದಲಾವಣೆಯಲ್ಲಿ ಎಲ್ಲ ಸಾಧನವೂ ಒಂದು ಸಲ ಬಿಟ್ಟುಹೋಗಿ ಮತ್ತೆ ಜೋಡಿಕೊಳ್ಳುತ್ತದೆ. ಮೇಲಾಗಿ ಲ್ಯಾಪ್‌ಟಾಪ್ ಪೋರ್ಟ್ ಕೊಡಲೇಬೇಕಾದದ್ದು ಯುಎಸ್‌ಬಿ 2.0 ಆದರೆ 500 ಮಿಲಿಆಂಪ್, 3.0 ಆದರೆ 900. ಡಿಸ್ಕ್ ಒಂದೇ ತಿರುಗಲು ಶುರುವಾಗುವಾಗ ಅಷ್ಟನ್ನೂ ಬೇಡುತ್ತದೆ. ಜೊತೆಗೆ ಸ್ಕ್ಯಾನರೂ ಇದ್ದರೆ ಎರಡೂ ಒದ್ದಾಡುತ್ತವೆ. ಡಿಸ್ಕ್ ಬರೆಯುತ್ತಿರುವಾಗ ಹೀಗಾದರೆ ಮೇಲೆ ಹೇಳಿದ 'ಟಕ್'.

ಇನ್ವರ್ಟರ್ ಇದ್ದರೆ ಹಬ್‌ನ ಅಡಾಪ್ಟರನ್ನೂ ಅದರ ಲೈನಿಗೆ ಹಾಕಿ. ಕೆಲವು ಮನೆ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಕ್ಷಣದಲ್ಲಿ ಹಬ್ ಒಮ್ಮೆ ಮಿಟುಕಬಹುದು, ಅದನ್ನು ಪರೀಕ್ಷಿಸಿ ನೋಡಿ. ಪರೀಕ್ಷಿಸುವಾಗ ಡಿಸ್ಕ್ ಜೋಡಿಸಿರಬೇಡಿ.

ಸೇವಾಕೇಂದ್ರ ಉಜಿರೆ ಕಡೆ:

ನಾನು ರೂಟರಿಗೆ ಹಾಕುವ ಪುಟ್ಟ ಯುಪಿಎಸ್ ಬಳಸುತ್ತೇನೆ. 12 ವೋಲ್ಟ್. ನನ್ನ ಹಬ್ ಕೂಡ 12 ವೋಲ್ಟಿನದ್ದೇ. ಅಡಾಪ್ಟರಿನ ದುಂಡು ಪಿನ್ ಅದೇ ಅಳತೆ. ಕರೆಂಟ್ ಹೋದದ್ದು ಹಬ್‌ಗೆ ಗೊತ್ತೇ ಆಗುವುದಿಲ್ಲ.

ಬೆಸುಗೆಕಡ್ಡಿ:

ಒಳ್ಳೇ ಉಪಾಯ. ಆದರೆ ಇದನ್ನು ಓದಿ ಯಾರಾದರೂ ಹಾಗೇ ಮಾಡುವ ಮೊದಲು ನಿಮ್ಮ ಹಬ್ ಎಷ್ಟು ವೋಲ್ಟಿನದು ಅಂತ ನೋಡಿ.

ಹಬ್‌ಗಳಲ್ಲಿ ಎರಡು ಜಾತಿ. ಕೆಲವಕ್ಕೆ 5 ವೋಲ್ಟ್ ಅಡಾಪ್ಟರ್, ಕೆಲವಕ್ಕೆ 12 ವೋಲ್ಟ್. 12ರದ್ದರ ಒಳಗೆ ಅದನ್ನು 5ಕ್ಕೆ ಇಳಿಸುವ ಸರ್ಕ್ಯೂಟ್ ಇರುತ್ತದೆ. 5ರದ್ದರಲ್ಲಿ ಅಡಾಪ್ಟರಿನಿಂದ ಬಂದದ್ದು ನೇರ ಪೋರ್ಟಿಗೆ ಹೋಗುತ್ತದೆ. ಎರಡರ ದುಂಡು ಪಿನ್ನೂ ಒಂದೇ ಅಳತೆಯದಾಗಿರುವುದು ಸಾಮಾನ್ಯ. ಸಲೀಸಾಗಿ ಕೂರುತ್ತದೆ. ರೂಟರಿನ 12 ವೋಲ್ಟ್ ಅಡಾಪ್ಟರನ್ನು 5 ವೋಲ್ಟಿನ ಹಬ್‌ಗೆ ಹಾಕಿದ ಗಿರಾಕಿಯೊಬ್ಬರು ಹಬ್, ಪೆನ್‌ಡ್ರೈವ್, ಕೀಬೋರ್ಡ್, ಡಿಸ್ಕ್ ನಾಲ್ಕನ್ನೂ ಒಂದೇ ಚೀಲದಲ್ಲಿ ತಂದಿದ್ದರು. ಹಬ್ ಬಿಚ್ಚಿದಾಗ ಚಿಪ್ಪಿನ ನಡುವೆ ಸಾಸಿವೆ ಗಾತ್ರದ ತೂತು. ಯಾವುದೂ ಉಳಿಯಲಿಲ್ಲ.

ಅಡಾಪ್ಟರಿನ ಮೇಲೆ ಬಿಳಿ ಬಣ್ಣದಲ್ಲಿ ವೋಲ್ಟ್ ಎಷ್ಟು, ಯಾವ ಸಾಧನದ್ದು ಅಂತ ದೊಡ್ಡದಾಗಿ ಬರೆದಿಡಿ. ಹೊಸದು ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಜೊತೆಗೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲ್ಲ ತರಹದ ಅಡಾಪ್ಟರೂ ಸಿಗುತ್ತದೆ, ಗುರುತಿರುವುದೂ ಇಲ್ಲದಿರುವುದೂ ಅಕ್ಕಪಕ್ಕದಲ್ಲೇ.

ತುಂಗೆಯ ದಡ:

ನಾನು ನೋಡಿದ್ದರಲ್ಲಿ ಒಂದಕ್ಕೆ 5 ವೋಲ್ಟ್ 2 ಆಂಪ್, ಇನ್ನೊಂದಕ್ಕೆ 12 ವೋಲ್ಟ್ 3 ಆಂಪ್. ಎರಡೂ ಏಳು ಪೋರ್ಟ್, ಯುಎಸ್‌ಬಿ 3.0. ಬೆಲೆ ವ್ಯತ್ಯಾಸ ಸಾಕಷ್ಟಿದೆ. ಎರಡನೆಯದು ಬೇಕೇಬೇಕಾ?

ಹುಬ್ಬಳ್ಳಿ ಹುಡುಗ:

ಗುಣಿಸಿ ನೋಡ್ರಿ. ಏಳು ಪೋರ್ಟಿಗೂ 900 ಮಿಲಿಆಂಪ್ ಕೊಡಬೇಕಂದ್ರೆ 6.3 ಆಂಪ್. 5 ವೋಲ್ಟಿನಿಂದ ಗುಣಿಸಿದರೆ 31.5 ವಾಟ್. 12 ವೋಲ್ಟ್ 3 ಆಂಪ್ ಅಂದರೆ 36 ವಾಟ್, ಲೆಕ್ಕ ಸರಿ ಕೂರುತ್ತದೆ. 5 ವೋಲ್ಟ್ 2 ಆಂಪ್ ಅಂದರೆ ಬರೀ 10 ವಾಟ್. ಅದು ಎರಡು ಪೋರ್ಟಿಗೆ ಪೂರ್ತಿ ಸಾಕು, ಏಳಕ್ಕಲ್ಲ. ಸ್ವಿಚ್ ಚೆಂದ ಇದೆ ಅಂತ ಹಬ್ ಆರಿಸುವವರು ಈ ಸಾಲನ್ನು ಓದುವುದೇ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಟೋಕನ್‌ಗಳು ಲೆಕ್ಕಕ್ಕೇ ಇಲ್ಲ, ಅಷ್ಟು ಕಡಿಮೆ ತಿನ್ನುತ್ತವೆ. ಪ್ರಿಂಟರಿಗೆ ಸ್ವಂತದ್ದಿದೆ. ಉಳಿಯುವುದು ಡಿಸ್ಕ್, ಸ್ಕ್ಯಾನರ್. 5 ವೋಲ್ಟ್ 4 ಆಂಪಿನದ್ದು ಸಿಕ್ಕರೆ ಅದೇ ಧಾರಾಳ. 2 ಆಂಪಿನದ್ದು ಅಂಚಿನ ಮೇಲೆ ನಿಂತಂತೆ. ಮುಂದೆ ಇನ್ನೊಂದು ಡಿಸ್ಕ್ ಬಂದರೆ ಗೋಳು.

ಶ್ರುತಿಪೆಟ್ಟಿಗೆ:

ಧ್ವನಿಮುದ್ರಣ ಮಾಡುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಮಿಡಿ ಕೀಬೋರ್ಡ್‌ (ಕಂಪ್ಯೂಟರಿಗೆ ಜೋಡಿಸುವ ಸಂಗೀತದ ಕೀಬೋರ್ಡ್) ನಂಥ ಹಳೇ ವೇಗದ ಸಾಧನಗಳನ್ನು ಒಂದೇ ಹಬ್‌ಗೆ ಹಾಕಿದಾಗ ಧ್ವನಿ ಕಡಿಯುತ್ತಿದ್ದರೆ ಕರೆಂಟನ್ನು ಮಾತ್ರ ಬೈಯಬೇಡಿ. ಅವು ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಹಬ್ ಒಳಗೆ ಆ ವೇಗವನ್ನು ಮೇಲಿನ ವೇಗಕ್ಕೆ ಹೊಂದಿಸುವ ಒಬ್ಬ ದುಭಾಷಿ ಇರುತ್ತಾನೆ. ಅಗ್ಗದ ಹಬ್‌ನಲ್ಲಿ ಎಲ್ಲ ಪೋರ್ಟಿಗೂ ಸೇರಿ ಒಬ್ಬನೇ, ಒಳ್ಳೆಯದರಲ್ಲಿ ಪೋರ್ಟಿಗೊಬ್ಬ. ಒಬ್ಬನೇ ಇದ್ದಾಗ ಎಲ್ಲ ಸಾಧನವೂ ಆ 12ನ್ನೇ ಹಂಚಿಕೊಳ್ಳಬೇಕು. ಬಳಸದ ಸಾಧನದ ಗುಂಡಿ ಆಫ್ ಮಾಡಿದರೆ ಅಲ್ಲಿ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ.

ಮೌಸ್ ಡಾಂಗಲ್ ಬಗ್ಗೆ: ಯುಎಸ್‌ಬಿ 3.0 ಡಿಸ್ಕ್ ಪಕ್ಕದ ಪೋರ್ಟಿಗೆ ಹಾಕಬೇಡಿ. 3.0ರ ಸಂಕೇತ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿತ್ತು. ಡಿಸ್ಕ್ ಕಾಪಿ ಶುರುವಾದರೆ ಮೌಸ್ ಬಾಣ ತಡವರಿಸುತ್ತದೆ, ಕಾಪಿ ನಿಂತರೆ ಸರಿಹೋಗುತ್ತದೆ. ಮೊಣಕೈ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೌಸಿನ ಹತ್ತಿರ ತಂದರೆ ಮುಗೀತು.

ಪೆಂಗ್ವಿನ್ ಪಾಪಣ್ಣ:

ಬೆರಳಲ್ಲಿ ಒತ್ತುವ ಗುಂಡಿಯ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ. ಆಜ್ಞೆ ಕೊಟ್ಟು ಪೋರ್ಟ್ ಆಫ್ ಮಾಡುವ ಹಬ್‌ಗಳೂ ಇವೆ. ಯುಎಸ್‌ಬಿ ಮಾನದಂಡದಲ್ಲೇ ಅದಕ್ಕೆ ಅವಕಾಶ ಇದೆ. ಲಿನಕ್ಸ್‌ನಲ್ಲಿ 'ಯುಹಬ್‌ಸಿಟಿಎಲ್' ಅನ್ನುವ ಮುಕ್ತ ತಂತ್ರಾಂಶ ಹಾಕಿಕೊಂಡು ಹಬ್‌ನ ವಿಳಾಸ, ಪೋರ್ಟ್ ಸಂಖ್ಯೆ, ಆನ್, ಆಫ್ ಅಥವಾ ಸೈಕಲ್ ಅಂತ ಕೊಟ್ಟರೆ ಆಯಿತು. ಸೈಕಲ್ ಅಂದರೆ ಆಫ್ ಮಾಡಿ ತಾನೇ ಮತ್ತೆ ಆನ್ ಮಾಡುವುದು. ಮ್ಯಾಕ್‌ನಲ್ಲೂ ನಡೆಯುತ್ತದೆ, ವಿಂಡೋಸ್‌ನಲ್ಲಿ ಇಲ್ಲ.

ತೊಡಕು ಒಂದೇ. ಹಬ್ ಒಳಗಿನ ಚಿಪ್ಪಿಗೆ ಈ ಶಕ್ತಿ ಇರುತ್ತದೆ, ಆದರೆ ಹಬ್ ತಯಾರಕರು ಪ್ರತಿ ಪೋರ್ಟಿಗೂ ಬೇಕಾದ ಪವರ್ ಸ್ವಿಚ್ ಭಾಗವನ್ನು ಬೋರ್ಡ್ ಮೇಲೆ ಕೂರಿಸಿರುವುದಿಲ್ಲ, ಕಾಸು ಉಳಿಸಲು. ಆಗ ತಂತ್ರಾಂಶ 'ಆಫ್ ಆಯ್ತು' ಅನ್ನುತ್ತದೆ, ಆ ಪೋರ್ಟಿಗೆ ಹಾಕಿದ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಾ ಇರುತ್ತದೆ. ಕೊಳ್ಳುವ ಮೊದಲು ಆ ತಂತ್ರಾಂಶದ ಪುಟದಲ್ಲಿರುವ ಹಬ್‌ಗಳ ಪಟ್ಟಿ ನೋಡುವುದೇ ದಾರಿ. ಪರೀಕ್ಷಿಸಲು ಅಗ್ಗದ ಯುಎಸ್‌ಬಿ ಫ್ಯಾನ್ ಅಥವಾ ದೀಪ ಸಾಕು.

ಹುಬ್ಬಳ್ಳಿ ಹುಡುಗ:

ಇದನ್ನೇ ನಾನು ಮಾಡಿದ್ದೇನೆ. ನಾನಿರುವುದು ಡಬ್ಲಿನ್‌ನಲ್ಲಿ. ಹುಬ್ಬಳ್ಳಿ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಇಟ್ಟಿದ್ದೇನೆ, ಅದಕ್ಕೆ ಇಂಟರ್ನೆಟ್‌ಗೆ 4ಜಿ ಡಾಂಗಲ್ ಮತ್ತು ಫೋಟೊಗಳ ಡಿಸ್ಕ್. ಡಾಂಗಲ್ ಹ್ಯಾಂಗ್ ಆದಾಗೆಲ್ಲ ಅವ್ವನಿಗೆ ಫೋನ್ ಮಾಡಿ 'ಆ ಸಣ್ಣ ಕಡ್ಡಿ ಕಿತ್ತು ಹಾಕವ್ವಾ' ಅನ್ನಬೇಕಿತ್ತು. ಅವ್ವ ಡಿಸ್ಕ್ ಕಿತ್ತುಬಿಡುತ್ತಿದ್ದಳು.

ಪೈ 4ರ ನಾಲ್ಕು ಪೋರ್ಟಿಗೂ ಸೇರಿ 1.2 ಆಂಪ್ ಮಾತ್ರ. ಆಫ್ ಮಾಡಿದರೂ ನಾಲ್ಕೂ ಒಟ್ಟಿಗೇ ಹೋಗುತ್ತವೆ, ಬೇರೆ ಬೇರೆ ಆಗುವುದಿಲ್ಲ. ಪೈ 5ರಲ್ಲಿ 5 ಆಂಪ್ ಅಡಾಪ್ಟರ್ ಕೊಟ್ಟರೆ 1.6 ಆಂಪ್, 3 ಆಂಪಿನದ್ದು ಕೊಟ್ಟರೆ 600 ಮಿಲಿಆಂಪಿಗೆ ಇಳಿಸುತ್ತದೆ. ಅದಕ್ಕೇ ಪವರ್ಡ್ ಹಬ್ ತಗೊಂಡೆ. ಈಗ ಇಂಟರ್ನೆಟ್ ಸಿಗದಿದ್ದರೆ ಪೈ ತಾನೇ ಡಾಂಗಲ್ ಇರುವ ಪೋರ್ಟನ್ನು ಆಫ್ ಮಾಡಿ ಆನ್ ಮಾಡುತ್ತದೆ. ನಾನು ಇಲ್ಲಿಂದ ಆಫ್ ಮಾಡಿದರೆ ಆನ್ ಮಾಡುವ ದಾರಿಯೇ ಕಡಿದುಹೋಗುತ್ತದೆ, ಹಾಗಾಗಿ ಆ ಕೆಲಸ ಅಲ್ಲೇ ನಡೆಯಬೇಕು.

ಇಂಥ ಕೆಲಸಕ್ಕೆ ಹಬ್ ಕೊಳ್ಳುವವರು ಇನ್ನೊಂದು ನೋಡಬೇಕು. ಒತ್ತಿದರೆ ಒಳಗೇ ಕೂರುವ ಗುಂಡಿ ಆದರೆ ಕರೆಂಟ್ ಹೋಗಿ ಬಂದರೂ ಇದ್ದ ಸ್ಥಿತಿಯಲ್ಲೇ ಇರುತ್ತದೆ. ಮುಟ್ಟಿದರೆ ಬದಲಾಗುವ ಮೃದು ಗುಂಡಿ ಆದರೆ ಕೆಲವು ಹಬ್‌ಗಳಲ್ಲಿ ಕರೆಂಟ್ ಬಂದ ಮೇಲೆ ಎಲ್ಲ ಪೋರ್ಟೂ ಆಫ್. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಲ್ಲಿಗೆ ಮುಗೀತು.

ಪೆಂಗ್ವಿನ್ ಪಾಪಣ್ಣ:

ಪೈ ಇರುವವರು ಹಿಮ್ಮುಖ ಕರೆಂಟನ್ನೂ ನೋಡಿ. ಕಳಪೆ ಹಬ್ ತನ್ನ ಅಡಾಪ್ಟರಿನ 5 ವೋಲ್ಟನ್ನು ಕಂಪ್ಯೂಟರಿನ ಕಡೆಗೂ ತಳ್ಳುತ್ತದೆ. ಪೈನ ಸ್ವಂತ ಅಡಾಪ್ಟರ್ ಕಿತ್ತರೂ ಕೆಂಪು ದೀಪ ಉರಿಯುತ್ತಿದ್ದರೆ ಅದೇ. ಹಬ್‌ಗೆ ಅಡಾಪ್ಟರ್ ಕೊಟ್ಟು, ಕಂಪ್ಯೂಟರಿಗೆ ಹೋಗುವ ಕೇಬಲನ್ನು ಎಲ್ಲಿಗೂ ಹಾಕದೆ, ಅದರ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ. 5 ವೋಲ್ಟ್ ತೋರಿಸಿದರೆ ಆ ಹಬ್ ವಾಪಸ್ ಕೊಡಿ.

ಕಾನೂನು ಕಟ್ಟೆ:

ತಾಂತ್ರಿಕ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ. ಮೂವರ ಟೋಕನ್ ಒಂದೇ ಹಬ್‌ನಲ್ಲಿ ಸದಾ ಇರುವುದು ನನಗೆ ಅಷ್ಟು ಹಿತವಾಗಿ ಕಾಣುತ್ತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಸಹಿಯ ಖಾಸಗಿ ಕೀ ತನ್ನ ಹಿಡಿತದಲ್ಲಿ ಇರುವಂತೆ ನೋಡಿಕೊಳ್ಳುವುದು ಆಯಾ ವ್ಯಕ್ತಿಯ ಹೊಣೆ. ಅಪ್ಪ, ಅಣ್ಣ ಪಕ್ಕದಲ್ಲಿ ಕೂತು ತಾವೇ ಪಿನ್ ಹೊಡೆದರೆ ಸರಿ. ಪಿನ್ನನ್ನು ಹಬ್ ಮೇಲೆ ಚೀಟಿ ಅಂಟಿಸಿಡುವ ಕಚೇರಿಗಳನ್ನು ನೋಡಿದ್ದೇನೆ, ದಯವಿಟ್ಟು ಅದು ಬೇಡ.

ತುಂಗೆಯ ದಡ:

ಚೀಟಿ ಇಲ್ಲ ಸರ್. ಅಣ್ಣನ ಮೇಜು ಎದುರಿಗೇ ಇದೆ, ಅಪ್ಪ ಸಂಜೆ ಬರುತ್ತಾರೆ. ಪಿನ್ ಅವರವರದೇ. ಸಂಜೆ ಟೋಕನ್‌ಗಳು ಬೀರುವಿಗೆ ಹೋಗುತ್ತವೆ.

ಅಂದಹಾಗೆ 12 ವೋಲ್ಟಿನ ಹಬ್ಬೇ ತಗೊಂಡೆ, ಒತ್ತಿದರೆ ಒಳಗೆ ಕೂರುವ ಗುಂಡಿಯದ್ದು. ಒಂದು, ಎರಡು, ಮೂರರಲ್ಲಿ ಟೋಕನ್. ಒಂದು ಸಲಕ್ಕೆ ಒಂದೇ ಆನ್. ಪಿನ್ ಕಿಟಕಿ ಬಂದಾಗ ಈಗ ಯಾವ ದೀಪ ಉರಿಯುತ್ತಿದೆ ಅಂತ ನೋಡಿದರೆ ಸಾಕು, ಯಾರದ್ದು ಅಂತ ಗೊತ್ತು. ಒಂದು ಗಮನಿಸಿದೆ: ಟೋಕನ್ ಬದಲಿಸಿದ ಮೇಲೆ ಸಹಿ ಮಾಡುವ ತಂತ್ರಾಂಶ ಕೆಲವೊಮ್ಮೆ ಹಳೇ ಪ್ರಮಾಣಪತ್ರವನ್ನೇ ತೋರಿಸುತ್ತದೆ. ಬ್ರೌಸರ್ ಮುಚ್ಚಿ ತೆಗೆದರೆ ಸರಿಹೋಗುತ್ತದೆ. ಇದು ಹಬ್‌ನ ತೊಂದರೆ ಅಲ್ಲ, ಕಿತ್ತು ಹಾಕುವಾಗಲೂ ಹೀಗೇ ಆಗುತ್ತಿತ್ತು.

ಏಳನೇ ಪೋರ್ಟಿನಲ್ಲಿ ಡಿಸ್ಕ್. ಸ್ಕ್ಯಾನರ್ ಹಳೇ ಕೇಬಲ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಯುಎಸ್‌ಬಿ ಮೀಟರ್ ಹಾಕಿ ನೋಡಿದರೆ ಹಬ್ ಬಾಯಲ್ಲಿ 5.1 ವೋಲ್ಟ್, ಕೇಬಲಿನ ಆ ತುದಿಯಲ್ಲಿ 4.5ರ ಆಸುಪಾಸು.

ಬೆಸುಗೆಕಡ್ಡಿ:

ಕೇಬಲ್ ತಂತಿ ತೆಳ್ಳಗಿದೆ. ಕೇಬಲಿನ ಮೈಮೇಲೆ 28 ಎಡಬ್ಲ್ಯುಜಿ (ತಂತಿಯ ದಪ್ಪದ ಅಳತೆ) ಅಂತ ಮಾತ್ರ ಬರೆದಿದ್ದರೆ ಕರೆಂಟಿನ ತಂತಿಯೂ ಅದೇ ಅಳತೆ. 28 ಮತ್ತು 24 ಅಂತ ಎರಡು ಸಂಖ್ಯೆ ಇರುವುದನ್ನು ತನ್ನಿ, ಸಂಖ್ಯೆ ಕಡಿಮೆ ಇದ್ದಷ್ಟೂ ತಂತಿ ದಪ್ಪ. ಉದ್ದವೂ ಎಷ್ಟು ಬೇಕೋ ಅಷ್ಟೇ ಇರಲಿ.

ಹಳೇ ಮೌಸು:

ಈ ಹಬ್‌ನಲ್ಲೇ ಫೋನೂ ಚಾರ್ಜ್ ಮಾಡಬಹುದಾ? ಗುಂಡಿ ಇರುವುದರಿಂದ ರಾತ್ರಿ ಆಫ್ ಮಾಡಬಹುದಲ್ವಾ.

ಬೆಸುಗೆಕಡ್ಡಿ:

ಮಾಡಬಹುದು, ನಿಧಾನ. ಡೇಟಾ ಪೋರ್ಟಿನಲ್ಲಿ ಫೋನ್ ತಾನೇ 500 ಅಥವಾ 900 ಮಿಲಿಆಂಪಿಗೆ ನಿಲ್ಲುತ್ತದೆ. ಕೆಲವು ಹಬ್‌ಗಳಲ್ಲಿ ಒಂದೆರಡು ಪೋರ್ಟ್ ಚಾರ್ಜಿಗೆಂದೇ ಇರುತ್ತವೆ, ಅಲ್ಲಿ 1.5 ಆಂಪ್ ಅಥವಾ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಆದರೆ ಅವುಗಳಲ್ಲಿ ಡೇಟಾ ಬರದೇ ಇರಬಹುದು, ಟೋಕನ್ ಹಾಕಿ ಕಾಣಿಸುತ್ತಿಲ್ಲ ಅಂತ ನನ್ನ ಅಂಗಡಿಗೆ ಬರಬೇಡಿ. ನೀಲಿ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿ.